ಊಟ ಬಿಟ್ಟ ಅಗ್ನೆಸ್

ಗಾಲಾಶೀಲ್ಸ್ ದಾರಿ

ಸ್ಕಾಟ್ಲೆಂಡಿನವರು ನನ್ನನ್ನು ಕರೆಸಿಕೊಂಡದ್ದು ನನ್ನ ಮುಖ ನೋಡಿ ಅಲ್ಲ, ಸೀರೆ ನೋಡಿ. ಚಳ್ಳಕೆರೆಯಲ್ಲಿ ನನ್ನದೊಂದು ಅಂಗಡಿ ಇದೆ. ಮೊಳಕಾಲ್ಮುರು ರೇಷ್ಮೆ ಸೀರೆ ಬಿಟ್ಟರೆ ಅಲ್ಲಿ ಬೇರೇನೂ ಮಾರುವುದಿಲ್ಲ. ಆ ಸೀರೆಗಳಲ್ಲಿ ಅರ್ಧಕ್ಕರ್ಧ ನೇಯ್ದವಳು ಮೊಳಕಾಲ್ಮುರಿನ ಓಬಮ್ಮ. ಗಾಲಾಶೀಲ್ಸ್ ಎಂಬ ಊರಿನ ಕೈಮಗ್ಗದವರು ದೇಶದೇಶದ ನೇಕಾರರನ್ನು ಸೇರಿಸಿ ಹತ್ತು ದಿನದ ಕೂಟ ಮಾಡುವವರಿದ್ದರು. ಓಬಮ್ಮ ಮಗ್ಗದ ಮುಂದೆ ಕೂರುವುದು, ನಾನು ಪಕ್ಕದಲ್ಲಿ ನಿಂತು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ವಿವರಿಸುವುದು ಎಂದು ಮಾತಾಯಿತು.

ನಮ್ಮನ್ನು ಉಳಿಸಿಕೊಳ್ಳಲು ಒಪ್ಪಿದವರು ಮೊರಾಗ್ ಎಂಬ ನಿವೃತ್ತ ಶಿಕ್ಷಕಿ. ಆಕೆ ಮೊದಲೇ ಈಮೇಲ್ ಬರೆದಿದ್ದರು: "ಮನೆಯಲ್ಲಿ ನಾನು ಮತ್ತು ಅಗ್ನೆಸ್ ಇಬ್ಬರೇ. ಅಗ್ನೆಸ್‌ಗೆ ಬಹಳ ನಾಚಿಕೆ. ನಿಮ್ಮ ತಂಟೆಗೆ ಬರುವುದಿಲ್ಲ." ಮದುವೆಯಾಗದೆ ಉಳಿದ ತಂಗಿ ಇರಬೇಕು, ಪಾಪ, ಎಂದುಕೊಂಡೆ. ಮೊರಾಗ್‌ಗೆಂದು ತೆಗೆದಿಟ್ಟ ರವಿಕೆ ಕಣದ ಜೊತೆ ಅಗ್ನೆಸ್‌ಗೂ ಒಂದು ತೆಗೆದಿಟ್ಟುಕೊಂಡೆ.

ಎಡಿನ್‌ಬರೋದಿಂದ ರೈಲು. ಕಿಟಕಿಯಾಚೆ ಹಸಿರು ಗುಡ್ಡ, ಗುಡ್ಡದ ತುಂಬ ಕುರಿ. ಓಬಮ್ಮ ಮೂಗನ್ನು ಗಾಜಿಗೆ ಒತ್ತಿಕೊಂಡು ಕೂತಿದ್ದಳು.

"ಅಕ್ಕ, ಇವನ್ನ ಕಾಯೋರೇ ಇಲ್ವಲ್ರಿ! ಯಾರಾನ ಹೊಡ್ಕೊಂಡು ಹೋದ್ರೆ?"

"ಬೇಲಿ ಐತಲ್ಲ."

"ಬೇಲಿ ಏನು ಕೂಗ್ತೈತಾ?" ಎಂದಳು. ನಮ್ಮ ಕಡೆ ದೇವಸಮುದ್ರದ ರಸ್ತೆಯಲ್ಲಿ ಕುರಿ ಮಂದೆ ಅಡ್ಡ ಬಂದರೆ ಬಸ್ಸೇ ನಿಂತು ಕಾಯುತ್ತದೆ; ಕುರಿಗಿಂತ ಮೊದಲು ಕುರುಬನ ಕೂಗು ಕೇಳುತ್ತದೆ. ಇಲ್ಲಿ ಕುರಿಗಳ ಬೆನ್ನಿಗೆ ನೀಲಿ ಬಣ್ಣ ಬಳಿದು, ಅವಕ್ಕೇ ಜವಾಬ್ದಾರಿ ವಹಿಸಿ, ಜನ ಮನೆಗೆ ಹೋಗಿದ್ದರು.

ಮೊದಲ ಬೆಳಿಗ್ಗೆ

ಮೊರಾಗ್ ಎತ್ತರದ, ತೆಳ್ಳನೆಯ, ಎಪ್ಪತ್ತು ದಾಟಿದ ಹೆಂಗಸು. ಬಿಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದರು. ನಾವು ಬಂದ ರಾತ್ರಿ ಅಗ್ನೆಸ್ ಕಾಣಲಿಲ್ಲ. ಮಲಗಿರಬೇಕು ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ನಾನೇ ಮೊದಲು ಎದ್ದು, ಪೂಜೆ ಮುಗಿಸಿ, ತಂದಿದ್ದ ರವೆಯಲ್ಲಿ ಉಪ್ಪಿಟ್ಟು ಮಾಡಿದೆ. ಫ್ರೀಜರ್ ತೆಗೆದರೆ ಮೇಲೆಯೇ ಹಸಿ ಬಟಾಣಿಯ ಪೊಟ್ಟಣ. ಎರಡು ಹಿಡಿ ಹಾಕಿದೆ. ಮೊರಾಗ್ ಎರಡು ಸಲ ಬಡಿಸಿಕೊಂಡು ತಿಂದರು. ಆಮೇಲೆ ನಾನು ರವಿಕೆ ಕಣ ಎರಡನ್ನೂ ತಂದು, "ಇದು ನಿಮಗೆ, ಇದು ಅಗ್ನೆಸ್‌ಗೆ" ಎಂದು ಕೊಟ್ಟೆ.

ಆಕೆಯ ಕಣ್ಣು ತೇವವಾಯಿತು. "ಇಷ್ಟು ವರ್ಷದಲ್ಲಿ ಅಗ್ನೆಸ್‌ಗೆ ಉಡುಗೊರೆ ತಂದವರು ನೀವೇ ಮೊದಲು. ಬನ್ನಿ, ನೀವೇ ಕೊಡಿ" ಎಂದು ಪಕ್ಕದ ಕೋಣೆಗೆ ಕರೆದೊಯ್ದರು.

ಕೋಣೆ ಅರೆಗತ್ತಲು. ಕಿಟಕಿಗೆ ದಪ್ಪ ಹಸಿರು ಪರದೆ. ಗೋಡೆಗೆ ಒತ್ತಿ ಮಂಚದಷ್ಟುದ್ದದ ಗಾಜಿನ ಪೆಟ್ಟಿಗೆ. ಒಳಗೆ ಮರದ ತೊಗಟೆ, ನೀರಿನ ಬಟ್ಟಲು, ಎರಡು ತುದಿಗೆ ಅಡ್ಡ ಮಲಗಿಸಿದ ಎರಡು ಕುಂಡಗಳು. ಒಂದರ ಬಾಯಿಂದ ಹೆಬ್ಬೆರಳಿನಷ್ಟು ಮೂತಿ ಹೊರಬಂತು. ನಮ್ಮನ್ನು ನೋಡಿ ಒಳಗೆ ಹೋಯಿತು.

"ಅವ್ವಯ್ಯಾ, ಹುಳ!" ಎಂದೆ. ನಮ್ಮ ಕಡೆ ಅದರ ಹೆಸರನ್ನು ಬಾಯಲ್ಲಿ ಆಡುವುದಿಲ್ಲ, ಹುಳ ಎನ್ನುತ್ತೇವೆ. ಕೈಲಿದ್ದ ರವಿಕೆ ಕಣ ನೆಲಕ್ಕೆ ಬಿತ್ತು. ನಾನು ಬಾಗಿಲಾಚೆ ಇದ್ದೆ.

ಓಬಮ್ಮ ಮಾತ್ರ ಗಾಜಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಅವಳು ಹುಟ್ಟಿ ಬೆಳೆದದ್ದು ಗುಂಡಿ ಮಗ್ಗದ ಮನೆಯಲ್ಲಿ. ನೇಯುವವರು ಕಾಲು ಇಳಿಬಿಡುವ ಗುಂಡಿ ಬೇಸಿಗೆಯಲ್ಲಿ ತಂಪಾಗಿರುತ್ತದೆ. ಆ ತಂಪು ಹುಡುಕಿಕೊಂಡು ಹಾವು ಬರುವುದೂ ಉಂಟು. ಬೆಳಿಗ್ಗೆ ಗುಂಡಿಗೆ ಕೋಲು ಆಡಿಸಿ ಕಾಲು ಇಡುವುದು ಅವಳಿಗೆ ಹಲ್ಲುಜ್ಜಿದಷ್ಟೇ ಅಭ್ಯಾಸ.

"ಪಾಪ ಕಣಕ್ಕ, ಇದೇ ಹೆದರ್ಕೊಂಡೈತೆ" ಎಂದಳು.

ನಮ್ಮಲ್ಲಿ ಹಾವಿಗೆ ಎರಡೇ ಗತಿ, ಪೂಜೆ ಇಲ್ಲವೇ ಕೋಲು. ಹೆಸರಿಟ್ಟು, ಮನೆಯೊಳಗೆ ಬೆಚ್ಚಗೆ ಇಟ್ಟು, ಅದರ ನಾಚಿಕೆಯನ್ನು ಕಾಪಾಡುವುದು ನಾನು ಕಂಡದ್ದು ಅಲ್ಲೇ. ಅಗ್ನೆಸ್ ಆಫ್ರಿಕಾ ಮೂಲದ ಸಣ್ಣ ಹೆಬ್ಬಾವು. ವಿಷವಿಲ್ಲ. ಹೆದರಿದರೆ ಕಚ್ಚುವುದಿಲ್ಲ, ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಚೆಂಡಿನಂತೆ ಸುರುಳಿಯಾಗುತ್ತದೆ. ಇದನ್ನೆಲ್ಲ ಮೊರಾಗ್ ಬಾಗಿಲ ಹೊರಗಿದ್ದ ನನಗೆ ಕೇಳುವಂತೆ ಜೋರಾಗಿ ಹೇಳಿದರು. ನಾಗರ ಪಂಚಮಿಗೆ ನಾವು ಹುತ್ತಕ್ಕೆ ಹಾಲೆರೆಯುತ್ತೇವೆ ಎಂದು ನಾನೂ ಜೋರಾಗಿಯೇ ಹೇಳಿದೆ. ಆಕೆ ಗಾಬರಿಯಾದರು. "ಹಾಲೇ? ಹಾವು ಹಾಲು ಕುಡಿಯುವುದಿಲ್ಲ!"

"ಮತ್ತೇನು ತಿನ್ನುತ್ತದೆ?"

ಆಕೆ ನನ್ನನ್ನು ಅಡುಗೆಮನೆಗೆ ಕರೆದೊಯ್ದು ಫ್ರೀಜರ್ ತೆಗೆದು ತೋರಿಸಿದರು. ಬಟಾಣಿಯ ಪೊಟ್ಟಣದ ಕೆಳಗೇ ಇನ್ನೊಂದು ಪೊಟ್ಟಣ. ಅದರಲ್ಲಿ ಮಲಗಿಸಿದಂತೆ ಸಾಲಾಗಿ ಆರು ಬಿಳಿ ಇಲಿಗಳು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಇಲಿ ಓಡಿಸಲು ಜನ ಏನೆಲ್ಲ ಪಾಡು ಪಡುತ್ತಾರೆ. ಇಲ್ಲಿ ಅಂಗಡಿಯಿಂದ ಕೊಂಡು ತರುತ್ತಾರಂತೆ. ಆದರೆ ಆ ಹೊತ್ತಿಗೆ ನನಗೆ ಹೊಳೆದದ್ದು ಅದಲ್ಲ, ಉಪ್ಪಿಟ್ಟು. ತಲತಲಾಂತರದಿಂದ ಮೊಟ್ಟೆ ಮುಟ್ಟದ ಮನೆಯವಳು ನಾನು. ಕೊರಳಲ್ಲಿ ಲಿಂಗ. ಹಿತ್ತಲಿಗೆ ಹೋಗಿ ಕಟ್ಟೆಯ ಮೇಲೆ ಸುಮಾರು ಹೊತ್ತು ಕೂತಿದ್ದೆ.

ಓಬಮ್ಮ ಬಂದು ಪಕ್ಕದಲ್ಲಿ ಕೂತಳು. "ಪೊಟ್ಟಣ ಬ್ಯಾರೆ ಬ್ಯಾರೆ ಅಲ್ವೇನಕ್ಕ, ಬಿಡ್ರಿ" ಎಂದಳು. ಸ್ವಲ್ಪ ತಡೆದು, "ಉಪ್ಪಿಟ್ಟು ಚೆನ್ನಾಗಿತ್ತು" ಎಂದಳು.

ಮೂರನೆಯ ದಿನ

ಓಬಮ್ಮ ಅಷ್ಟು ಹೊತ್ತಿಗಾಗಲೇ ಅಗ್ನೆಸ್‌ಳನ್ನು ಎತ್ತಿಕೊಳ್ಳುವುದು ಕಲಿತಿದ್ದಳು. ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ಕೈಗೆ ಅಡುಗೆಯ ವಾಸನೆ ಇದ್ದರೆ ಕೈಯೇ ಊಟವೆಂದು ತಿಳಿದೀತು. ಆಮೇಲೆ ರಟ್ಟಿನ ಕೊಳವೆಯಿಂದ ಮೈಯನ್ನು ಮೆಲ್ಲಗೆ ತಟ್ಟಬೇಕು, "ಇದು ಊಟವಲ್ಲ, ನಾವು ಬಂದಿದ್ದೇವೆ" ಎನ್ನುವ ಹಾಗೆ. ಮೇಲಿನಿಂದ ಕೈ ಹಾಕಬಾರದು, ಮೇಲಿನಿಂದ ಬರುವುದು ಹದ್ದು. ಪಕ್ಕದಿಂದ ಎರಡೂ ಕೈ ಕೊಟ್ಟು ಎತ್ತಬೇಕು. ಹಿಡಿಯಬಾರದು, ಆಸರೆ ಕೊಡಬೇಕು.

"ಹುರಿ ಮಾಡಿದ ರೇಷ್ಮೆ ಲಡಿ ಇದ್ದಂಗೈತೆ ಕಣಕ್ಕ, ಒಂದ್ಸಾರಿ ಮುಟ್ಟಿ ನೋಡ್ರಿ."

ರೇಷ್ಮೆ ಎಂದದ್ದಕ್ಕೆ ಕೈ ಚಾಚಿದೆ. ಲೋಳೆ ಇಲ್ಲ, ಒಣ ಮೈ, ನಿಜಕ್ಕೂ ಲಡಿಯ ಹಾಗೇ ಜಾರುತ್ತಿತ್ತು. ಧೈರ್ಯ ಬಂತು. ಕುರ್ಚಿಯಲ್ಲಿ ಕೂತೆ. ಓಬಮ್ಮ ಅಗ್ನೆಸ್‌ಳನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಅವಳು ಚೆಂಡಾಗಿಯೇ ಇದ್ದಳು. ಆಮೇಲೆ ಮೂತಿ ಹೊರಬಂತು, ಅತ್ತಿತ್ತ ನೋಡಿತು. ಬೆಚ್ಚಗಿನ, ಕತ್ತಲೆಯ ಜಾಗ ಕಂಡಿರಬೇಕು. ನಾನು ಬೇಡವೆನ್ನುವಷ್ಟರಲ್ಲಿ ಸೀರೆಯ ನೆರಿಗೆಗೂ ಲಂಗಕ್ಕೂ ನಡುವೆ ನುಸುಳಿ, ನಾಲ್ಕಡಿ ಉದ್ದ ಪೂರ್ತಿ ಒಳಗೆ ಹೋಗಿ, ಹೊಟ್ಟೆಯ ಹತ್ತಿರ ಸುತ್ತಿಕೊಂಡು ಸುಮ್ಮನಾದಳು.

"ಎಳೀರಿ! ಎಳೀರಿ!" ಎಂದು ನಾನು ಕನ್ನಡದಲ್ಲಿ ಕೂಗಿದೆ.

ಮೊರಾಗ್‌ಗೆ ಭಾಷೆ ಬಾರದಿದ್ದರೂ ಅರ್ಥವಾಯಿತು. "ಎಳೆಯಬಾರದು, ಮೈಗೆ ಗಾಯವಾಗುತ್ತದೆ. ಅವಳಾಗಿ ಬರುತ್ತಾಳೆ" ಎಂದರು.

"ಯಾವಾಗ?"

"ಅವಳಿಗೆ ಬೇಕಾದಾಗ."

ಒಂದೂವರೆ ಗಂಟೆ ಕೂತಿದ್ದೆ. ಕದಲಲಿಲ್ಲ. ಸೀನು ಬಂದರೂ ನುಂಗಿಕೊಂಡೆ. ಓಬಮ್ಮ ಚಿತ್ರಾನ್ನ ಕಲಸಿ ತಂದು ಬಸುರಿಗೆ ತಿನ್ನಿಸುವಂತೆ ತುತ್ತು ಮಾಡಿ ತಿನ್ನಿಸಿದಳು. ಬಂದ ಪೋಸ್ಟ್‌ಮನ್ ಕಿಟಕಿಯಿಂದ ನೋಡಿ, ನನಗೆ ಹುಷಾರಿಲ್ಲವೇನೋ ಎಂದು ಮೊರಾಗ್‌ರನ್ನು ವಿಚಾರಿಸಿದನಂತೆ. ನನಗೆ ತಿಳಿದಿದ್ದ ದೇವರ ಹೆಸರೆಲ್ಲ ಒಂದು ಸುತ್ತು ಮುಗಿದು, ಎರಡನೇ ಸುತ್ತಿನ ನಡುವೆ ಒಂದು ವಿಚಿತ್ರ ನಡೆಯಿತು. ಹೆದರಿಕೆ ಎಲ್ಲೋ ಸೋರಿಹೋಯಿತು. ಹೊಟ್ಟೆಯ ಮೇಲೆ ನಿದ್ದೆ ಹೋದ ಕೂಸಿನಷ್ಟು ಭಾರ, ಅಷ್ಟೇ ನಂಬಿಕೆ. ಅವಳು ಹೊರಬಂದು ತನ್ನ ಕುಂಡಕ್ಕೆ ಹೋದಾಗ ಆ ಜಾಗ ತಣ್ಣಗಾಯಿತು.

ಆ ಮಧ್ಯಾಹ್ನ ಮೊರಾಗ್ ವಿಷಯ ಹೇಳಿದರು. ಅಗ್ನೆಸ್ ನಾಲ್ಕು ತಿಂಗಳಿಂದ ಏನೂ ತಿಂದಿಲ್ಲ. ಈ ಜಾತಿಯವು ಆಗಾಗ ಊಟ ಬಿಡುವುದುಂಟು. ಆದರೆ ಇಷ್ಟು ದಿನ ಬಿಟ್ಟು, ಮೈ ಇಳಿದು, ಬೆನ್ನುಮೂಳೆ ಕಾಣತೊಡಗಿದೆ. ಪಶುವೈದ್ಯರು ಈ ಶುಕ್ರವಾರದವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರೊಳಗೆ ತಿನ್ನದಿದ್ದರೆ ಗಂಟಲಿಗೆ ನಳಿಗೆ ಹಾಕಿ ಉಣಿಸುವುದೇ ದಾರಿ.

"ಅವಳು ಅದನ್ನು ತಾಳುವುದಿಲ್ಲ" ಎಂದರು ಮೊರಾಗ್. "ಹೆದರಿಕೆಗೇ ಹೋಗುತ್ತಾಳೆ."

ಐದನೆಯ ದಿನ, ಗುರುವಾರ

ಮರುದಿನ ನಮ್ಮ ಸೀರೆಗಳ ಪ್ರದರ್ಶನ. ಹಿಂದೆ ಇಳಿಬಿಡಲು ಒಳ್ಳೆಯ ಬಟ್ಟೆ ಬೇಕಿತ್ತು. "ಅಗ್ನೆಸ್ ಕೋಣೆಯ ಪರದೆ ಸರಿಯಾಗುತ್ತದೆ" ಎಂದು ಮೊರಾಗ್ ಸ್ಟೂಲು ಹತ್ತಿದರು. ಪರದೆ ಕೆಳಗೆ ಬಂತು, ಜೊತೆಗೆ ಅವರೂ ಬಂದರು. ಮಣಿಕಟ್ಟು ಮುರಿದಿತ್ತು.

ಆಂಬುಲೆನ್ಸ್ ಬಂತು. ಶಸ್ತ್ರಚಿಕಿತ್ಸೆ ಆಗಬೇಕು, ಎರಡು ದಿನ ಆಸ್ಪತ್ರೆಯಲ್ಲಿ ಇರಬೇಕು ಎಂದರು. ಸ್ಟ್ರೆಚರ್ ಮೇಲೆ ಮಲಗಿದ್ದ ಮೊರಾಗ್ ಮುರಿಯದ ಕೈಯಿಂದ ನನ್ನ ಕೈ ಹಿಡಿದರು.

"ಇವತ್ತೇ ಕೊನೆಯ ದಿನ. ಇಲಿ ಬೆಳಿಗ್ಗೆಯೇ ಫ್ರಿಜ್ಜಿನಲ್ಲಿ ಕರಗಲು ಇಟ್ಟಿದ್ದೇನೆ. ಹೇಗೆ ಮಾಡಬೇಕೆಂದು ಬರೆದು ಗೋಡೆಗೆ ಅಂಟಿಸಿದ್ದೇನೆ. ಗಿರಿಜಾ, ದಯವಿಟ್ಟು."

ಬಿದ್ದದ್ದು ನಮ್ಮ ಸೀರೆಗಾಗಿ. ಹೂಂ ಎಂದುಬಿಟ್ಟೆ. ಗಾಡಿ ಹೋದ ಮೇಲೆ ನನಗೆ ಚಿಂತೆ ಇರಲಿಲ್ಲ. ಓಬಮ್ಮ ಮಾಂಸ ತಿನ್ನುವವಳು, ಹಾವಿಗೆ ಹೆದರದವಳು, ಅವಳಿರುವಾಗ ನನ್ನದೇನು?

"ನಾನೊಲ್ಲೆ" ಎಂದಳು ಓಬಮ್ಮ.

"ಯಾಕೆ?"

"ಹಾವು ಬೇಕಾದ್ರೆ ಹೆಗಲ ಮ್ಯಾಲೆ ಹಾಕ್ಕೊಂಡು ಊರೆಲ್ಲ ತಿರುಗ್ತೀನಿ. ಇಲಿ ಮಾತ್ರ ಮುಟ್ಟಲ್ಲ ಕಣಕ್ಕ. ನನ್ನ ಮಗಳ ಮದ್ವೆ ಸೀರೆ ಮಗ್ಗದ ಮ್ಯಾಗಿತ್ತು, ಒಂದು ಇಲಿ ಬಂದು ಹಾಸಿನ ಎಳೆ ಪೂರಾ ಕಡಿದು ಹಾಕ್ತು. ಅವತ್ತಿಂದ ಸತ್ತ ಇಲಿ ಕಂಡ್ರೂ ಮೈ ಜುಮ್ಮಂತೈತೆ."

ಹೀಗೆ ಹಾವು ಅವಳ ಪಾಲಿಗೆ, ಇಲಿ ನನ್ನ ಪಾಲಿಗೆ ಬಂತು.

ಏನಾದರೂ ಉಪಾಯ ಕೇಳೋಣವೆಂದು ಅವಳ ಗಂಡ ಈರಣ್ಣನಿಗೆ ವಿಡಿಯೋ ಕಾಲ್ ಮಾಡಿದೆವು. ಮೊಳಕಾಲ್ಮುರಿನಲ್ಲಿ ಸಂಜೆಯಾಗಿತ್ತು. ಫೋನನ್ನು ಗಾಜಿಗೆ ಹಿಡಿದದ್ದೇ ತಡ, ಈರಣ್ಣ ಬೀದಿಯನ್ನೆಲ್ಲ ಕೂಗಿ ಕರೆದ. ಪುಟ್ಟ ಪರದೆಯಲ್ಲಿ ಹತ್ತು ಮುಖ.

"ಹಾಲು ಇಡ್ರೀ!" ಎಂದಿತು ಒಂದು ಮುಖ.

"ಹಾಲು ಕುಡಿಯಲ್ವಂತೆ ಕಣ್ರೀ" ಎಂದೆ.

"ಅದ್ಯಾರು ಹೇಳಿದ್ದು? ನಮ್ಮ ಹುತ್ತದಾಗಿಟ್ಟಿದ್ದು ಎಲ್ಲಿ ಹೋಗ್ತೈತೆ ಮತ್ತೆ?"

"ಲೇ, ಅದನ್ನ ನಾಯಿ ಕುಡಿತೈತೆ, ಸುಮ್ಕಿರಲೇ!" ಎಂದ ಈರಣ್ಣ. ಅಷ್ಟಕ್ಕೆ ಅಲ್ಲಿ ಜಗಳ ಶುರುವಾಯಿತು. ನಾವು ಫೋನ್ ಇಟ್ಟೆವು.

ಗೋಡೆಯ ಚೀಟಿಯಲ್ಲಿ ಬರೆದಂತೆ ಕೆಂಪು ಬಕೆಟ್ಟಿಗೆ ಬಿಸಿನೀರು ಹಾಕಿ, ಇಲಿಯ ಪೊಟ್ಟಣವನ್ನು ಅದರಲ್ಲಿ ಇಳಿಬಿಟ್ಟೆ. "ಬದುಕಿರುವ ಪ್ರಾಣಿಯಷ್ಟು ಬೆಚ್ಚಗಾಗಬೇಕು. ಮುಟ್ಟಿ ನೋಡಿ" ಎಂದು ಬರೆದಿತ್ತು. ಎರಡು ಸಲ ಕೈ ಚಾಚಿ ಎರಡು ಸಲ ಹಿಂದೆಗೆದೆ. ಮೂರನೇ ಸಲ ಮುಟ್ಟಿದೆ. ಮುಚ್ಚಿದ ಕಣ್ಣು, ಗುಲಾಬಿ ಪಾದ. "ತಪ್ಪಾಯ್ತಪ್ಪ" ಎಂದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ, ಇಲಿಗೋ, ಗಣಪತಿಗೋ.

"ಅಪ್ಪನ ಕೊರಳಾಗಿರೋದಕ್ಕೆ ಮಗನ ವಾಹನ ತಿನ್ನುಸ್ತಿದೀವಿ" ಎಂದು ದೂರದಿಂದ ಓಬಮ್ಮ ಹೇಳಿದಳು. "ಅವ್ರ ಮನೆ ಜಗಳ, ಅವ್ರೇ ಬಗೆಹರಿಸ್ಕೊಂತಾರೆ ಬಿಡ್ರಿ."

ಉದ್ದನೆಯ ಇಕ್ಕಳದಲ್ಲಿ ಹಿಡಿದು ಕುಂಡದ ಬಾಯಿಗೆ ತಂದೆ. ಮೂತಿ ಹೊರಬಂತು. ನಾಲಗೆ ಎರಡು ಸಲ ಆಡಿತು. ಇಕ್ಕಳ ಅಲುಗಿ ಇಲಿ ಕುಣಿಯಿತು. ಅಗ್ನೆಸ್ ಒಳಗೆ ಹೋದಳು. ಓಬಮ್ಮ ನನ್ನ ಬೆನ್ನ ಹಿಂದಿನಿಂದ ಬಾಗಿ, ಅವಳಿಗೆ ಮುದ್ದು ಬಂದಾಗ ಬರುವ ತೆಲುಗಿನಲ್ಲಿ, "ತಿನು ತಲ್ಲಿ, ತಿನಮ್ಮ" ಎಂದು ಗೋಗರೆದಳು. ಇಲಿ ತಣ್ಣಗಾಯಿತು. ಮತ್ತೆ ಬಿಸಿನೀರು, ಮತ್ತೆ ಇಕ್ಕಳ. ಈ ಸಲ ಅಗ್ನೆಸ್ ಚೆಂಡಾಗಿಬಿಟ್ಟಳು.

ಕತ್ತಲಾಗಲಿ ಎಂದು ಕಾದೆವು. ಕತ್ತಲಾಗಲಿಲ್ಲ. ಜೂನ್ ತಿಂಗಳಲ್ಲಿ ಆ ದೇಶದ ಸೂರ್ಯನಿಗೆ ಮನೆಗೆ ಹೋಗುವ ನೆನಪೇ ಇರುವುದಿಲ್ಲ. ಗಡಿಯಾರ ಎಂಟು ಹೊಡೆಯಿತು. ಪರದೆ ಇಲ್ಲದ ಕಿಟಕಿಯಿಂದ ಚಳ್ಳಕೆರೆಯ ನಾಲ್ಕು ಗಂಟೆಯ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ನಾನು ನೆಲದ ಮೇಲೆ ಕೂತುಬಿಟ್ಟೆ. ನಾಳೆ ವೈದ್ಯರು ನಳಿಗೆ ಹಿಡಿದು ಬರುತ್ತಾರೆ. ಮೊರಾಗ್‌ಗೆ ನಾನು ಏನೆಂದು ಹೇಳಲಿ?

ಓಬಮ್ಮ ಕಿಟಕಿ ನೋಡಿದಳು, ಗಾಜು ನೋಡಿದಳು, ಗಾಜಿನ ಎದುರಿಗೇ ಇಟ್ಟಿದ್ದ ಮೊರಾಗ್‌ರ ಕುರ್ಚಿ ನೋಡಿದಳು.

"ಅಕ್ಕ, ಹೊಸಾ ಸೊಸೆ ಮನೆಗೆ ಬಂದಾಗ ಎಲ್ರೂ ಎದುರಿಗೆ ನಿಂತ್ಕೊಂಡು, ಉಣ್ಣು ಉಣ್ಣು ಅಂದ್ರೆ ಉಣ್ತಾಳೇನ್ರಿ? ನಾನಂತೂ ಮೂರು ದಿನ ಉಂಡಿರಲಿಲ್ಲ. ಅತ್ತೆ ಅಡಿಗೆಮನೆ ಬಾಗ್ಲು ಮುಂದಕ್ಕೆ ಮಾಡ್ಕೊಂಡು ಹೋದ್ಮ್ಯಾಲೆ ಉಂಡೆ."

"ಏನು ಮಾಡಾಣ ಅಂತೀಯ?"

"ಮರೆ ಮಾಡಾಣ."

ಪರದೆಯನ್ನು ಪ್ರದರ್ಶನದವರು ಆಗಲೇ ಒಯ್ದಿದ್ದರು. ಮನೆಯ ಹೊದಿಕೆಗಳೆಲ್ಲ ಬಿಳಿ, ತೆಳು. ನಮ್ಮ ಪೆಟ್ಟಿಗೆಯಲ್ಲಿ ದಟ್ಟ ಬಣ್ಣದ್ದು ಇದ್ದದ್ದು ಒಂದೇ: ನಾಳೆ ನಡುವೆ ತೂಗುಹಾಕಬೇಕಿದ್ದ ನವಿಲುಗರಿ ಬಣ್ಣದ, ಕೆಂಪಂಚಿನ ಸೀರೆ. ಓಬಮ್ಮ ಒಂದು ತಿಂಗಳು ಕೂತು ನೇಯ್ದದ್ದು. ನಾನು ಅದನ್ನು ಎದೆಗೆ ಅವುಚಿಕೊಂಡು ನಿಂತೆ.

"ನೇಯ್ದೋಳು ನಾನು, ಹೇಳ್ತಿರೋಳೂ ನಾನು. ಹೊದಿಸ್ರಿ" ಎಂದಳು.

ಇಲಿಯನ್ನು ಮತ್ತೆ ಬೆಚ್ಚಗೆ ಮಾಡಿ, ಈ ಸಲ ಇಕ್ಕಳವನ್ನು ಕುಣಿಸದೆ, ಒಂದು ತಟ್ಟೆಯಲ್ಲಿಟ್ಟು ಕುಂಡದ ಬಾಯಿಯ ಹತ್ತಿರ ಇರಿಸಿದೆ. ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಇಳಿಬಿಟ್ಟೆವು. ಬಾಗಿಲು ಮುಚ್ಚಿ, ಹೊರಗೆ ಮೆಟ್ಟಿಲ ಮೇಲೆ ಕೂತೆವು. ಹೆರಿಗೆ ಕೋಣೆಯ ಹೊರಗೆ ಕೂತಂತೆ.

ಸ್ವಲ್ಪ ಹೊತ್ತಿಗೆ ಒಳಗೆ 'ದಪ್' ಎಂದಿತು. ನಾನು ಎದ್ದೆ. ಓಬಮ್ಮ ನನ್ನ ಸೆರಗು ಹಿಡಿದು ಎಳೆದು ಕೂರಿಸಿದಳು. "ಸೊಸೆ ಉಣ್ತಾವಳೆ. ಸುಮ್ಕೆ ಕುಂದ್ರಿ."

ಒಂದು ಗಂಟೆ ಕಾದು, ಒಂದು ಮಡಿಕೆ ಎತ್ತಿ ನೋಡಿದೆ. ತಟ್ಟೆ ಖಾಲಿ. ಅಗ್ನೆಸ್‌ಳ ಮೈ ನಡುವೆ ಒಂದು ಉಬ್ಬು. ಮುಖದಲ್ಲಿ, ಹಾವಿನ ಮುಖದಲ್ಲಿ ಹಾಗೆ ಕಾಣಬಹುದಾದರೆ, ಮದುವೆಯೂಟ ಮುಗಿಸಿದವರ ಗಾಂಭೀರ್ಯ. ನಾನೂ ಓಬಮ್ಮನೂ ಒಬ್ಬರನ್ನೊಬ್ಬರು ತಬ್ಬಿಕೊಂಡು, ಸದ್ದು ಮಾಡಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು.

ಆಸ್ಪತ್ರೆಗೆ ಫೋನ್ ಮಾಡಿ, "ತಿಂದಳು" ಎಂದೆ. ಆ ಕಡೆ ಮೊರಾಗ್ ಬಿಕ್ಕುವುದು ಕೇಳಿತು. ಆಮೇಲೆ ನರ್ಸು ಫೋನು ತೆಗೆದುಕೊಂಡು, ನೀವು ಈಕೆಗೆ ಏನು ಹೇಳಿದಿರಿ, ಯಾಕೆ ಅಳುತ್ತಿದ್ದಾರೆ, ಯಾರಾದರೂ ತೀರಿಕೊಂಡರೇ ಎಂದು ಗದರಿಸಿದಳು. ಇಲ್ಲ, ಒಬ್ಬರು ಊಟ ಮಾಡಿದರು ಎಂದೆ.

ಏಳನೆಯ ದಿನ

ಶುಕ್ರವಾರದ ಪ್ರದರ್ಶನದಲ್ಲಿ ನವಿಲುಗರಿ ಸೀರೆಯ ಮುಂದೆಯೇ ಹೆಚ್ಚು ಜನ ನಿಂತಿದ್ದರು. ಹಿಂದಿನ ಸಂಜೆ ಅದು ಎಲ್ಲಿತ್ತೆಂದು ನಾವು ಯಾರಿಗೂ ಹೇಳಲಿಲ್ಲ. ಪಶುವೈದ್ಯರು ಬಂದು, ಉಬ್ಬು ನೋಡಿ, ಎರಡು ದಿನ ಯಾರೂ ಮುಟ್ಟಬೇಡಿ ಎಂದಷ್ಟೇ ಹೇಳಿ ಹೋದರು.

ಶನಿವಾರ ಮೊರಾಗ್ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವರೇ ಕೋಟು ಸಹ ತೆಗೆಯದೆ ಗಾಜಿನ ಎದುರಿನ ಕುರ್ಚಿಯಲ್ಲಿ ಕೂತರು. ಆ ಮುಖ ನೋಡಿ ನನಗೆ ಹೇಳಲು ಮನಸ್ಸು ಬರಲಿಲ್ಲ. ಓಬಮ್ಮ ನನ್ನನ್ನು ತಿವಿದಳು. "ಹೇಳ್ರಿ ಅಕ್ಕ. ಇಲ್ಲಾಂದ್ರೆ ಮುಂದಿನ್ಸಾರಿ ಮತ್ತೆ ಉಪಾಸ."

ಹೇಳಿದೆ. ಸೊಸೆಯ ಕಥೆ, ಮರೆಯ ಕಥೆ, ಎಲ್ಲ. ಮೊರಾಗ್ ತಾವು ಕೂತಿದ್ದ ಕುರ್ಚಿಯನ್ನು ನೋಡಿಕೊಂಡರು.

"ಚಳಿಗಾಲದಲ್ಲಿ ಒಂದು ಸಲ ಅವಳು ಊಟ ಬಿಟ್ಟಳು" ಎಂದರು. "ಗಾಬರಿಯಾಗಿ, ಅಲ್ಲಿಂದ ಪ್ರತಿ ಸಲವೂ ಈ ಕುರ್ಚಿ ಹಾಕಿಕೊಂಡು, ಟಾರ್ಚ್ ಹಿಡಿದು ಎದುರಿಗೆ ಕೂತಿದ್ದೆ. ತಿನ್ನುತ್ತಾಳೋ ಇಲ್ಲವೋ ನೋಡಬೇಕಲ್ಲ ಎಂದು."

ಆಮೇಲೆ ಎದ್ದು, ಒಂದೇ ಕೈಯಲ್ಲಿ ಕುರ್ಚಿಯನ್ನು ಕೋಣೆಯಿಂದ ಹೊರಗೆ ಎಳೆದುಕೊಂಡು ಹೋದರು. ನಾವು ಸಹಾಯಕ್ಕೆ ಹೋದರೆ ಬೇಡವೆಂದರು.

ಚಳ್ಳಕೆರೆ

ಊರಿಗೆ ಬಂದ ಮೇಲೆ ಯಾರಿಗೂ ಹೇಳಬಾರದೆಂದು ಓಬಮ್ಮನಿಂದ ಮಾತು ತೆಗೆದುಕೊಂಡಿದ್ದೆ. ಅವಳು ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲಿಯೇ ಎಲ್ಲರಿಗೂ ಹೇಳಿದಳು. ನಾನು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಸುದ್ದಿ ಬಂದು ಕೂತಿತ್ತು.

ಮಧ್ಯಾಹ್ನ ಮನೆಗೆ ಹೋದೆ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ, ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅವ್ವನಿಗೆ ಎಂಬತ್ತೆರಡು. ಲಿಂಗಪೂಜೆ ಆಗದೆ ಇವತ್ತಿಗೂ ನೀರು ಮುಟ್ಟುವುದಿಲ್ಲ. ಮೊಟ್ಟೆ ಮಾರುವ ಅಂಗಡಿಯಿಂದ ಬೆಂಕಿಪೊಟ್ಟಣವನ್ನೂ ತರಿಸುವುದಿಲ್ಲ. ತಲೆ ಎತ್ತದೆ ಕೇಳಿದಳು.

"ಇಲಿ ಹಿಡಿದಿದ್ಯಂತೆ."

"ಹೂಂ ಅವ್ವ."

"ಯಾವ ಕೈಲಿ?"

ಸುಳ್ಳು ಹೇಳಲು ಎಡಗೈ ಇತ್ತು. ಆದರೂ ಬಲಗೈ ಚಾಚಿದೆ. ಅವ್ವ ಅದನ್ನು ಹಿಡಿದುಕೊಂಡು, ಕನ್ನಡಕದ ಹತ್ತಿರ ತಂದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎಂಟು ವರ್ಷದವಳಿದ್ದಾಗ ಮಾವಿನಕಾಯಿ ಕದ್ದು ಸಿಕ್ಕಿಬಿದ್ದಾಗಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ.

"ಎಷ್ಟು ದಿನದಿಂದ ಉಂಡಿರಲಿಲ್ಲ ಅದು?"

"ನಾಲ್ಕು ತಿಂಗ್ಳು."

"ನಾಕು ತಿಂಗ್ಳು" ಎಂದಳು ಅವ್ವ. "ಉಂಡ್ತಾ?"

"ಉಂಡ್ತವ್ವ. ಪೂರಾ ಉಂಡ್ತು."

ಅವ್ವ ಮೊರದಿಂದ ಒಂದು ಹಿಡಿ ಸುಲಿದ ಶೇಂಗಾ ತೆಗೆದು ಆ ಕೈಯಲ್ಲೇ ಹಾಕಿ, ಬೆರಳುಗಳನ್ನು ಮಡಚಿದಳು.

"ತಿನ್ನು" ಎಂದಳು. "ನೀನೂ ಸೊರಗಿದೀಯ."